ಹನಿ ಬಿದ್ದಲ್ಲೇ ತೂತು ಇರೋದಿಲ್ಲ: ಬರ್ಕ್ಲಿಯ ಹಳೇ ಬೀಟಲ್ ಕಾರು ಕಲಿಸುವ ಆಯಿಲ್ ಲೀಕ್ ಪಾಠ

ಬರ್ಕ್ಲಿ (ಕ್ಯಾಲಿಫೋರ್ನಿಯಾ): ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದಲ್ಲಿರುವ ಊರು ಬರ್ಕ್ಲಿ. ಇಲ್ಲಿನ ಬೀದಿಗಳಲ್ಲಿ ಒಂದು ಸುತ್ತು ಹಾಕಿದರೆ ಐವತ್ತು ವರ್ಷ ದಾಟಿದ ಫೋಕ್ಸ್‌ವ್ಯಾಗನ್ ಬೀಟಲ್ ಕಾರೋ, ಅದೇ ಕಂಪೆನಿಯ ಹಳೇ ವ್ಯಾನೋ ಇವತ್ತಿಗೂ ಕಣ್ಣಿಗೆ ಬೀಳುತ್ತದೆ. ಅದು ನಿಲ್ಲುವ ಜಾಗದಲ್ಲಿ, ಹಿಂಬದಿಯ ಕೆಳಗೆ, ಹೆಚ್ಚಾಗಿ ಒಂದು ಕಪ್ಪು ಕಲೆಯೂ ಇರುತ್ತದೆ. ಅದು ಎಂಜಿನ್ ಆಯಿಲ್.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಓದಲಿಕ್ಕೆಂದು ಊರಿನಿಂದ ಬರ್ಕ್ಲಿಗೆ ಹೋದ ಹುಡುಗನೊಬ್ಬ ಆಸೆಪಟ್ಟು 1970ರ ಸುಮಾರಿನ ಒಂದು ಬೀಟಲ್ ಕೊಂಡ. ಎರಡೇ ವಾರಕ್ಕೆ ಕೆಳಗೆ ಎಣ್ಣೆ. ಯಾರೋ ನೋಡಿ, "ಎಂಜಿನ್ ಹೋಗಿದೆ, ಪೂರ್ತಿ ಬಿಚ್ಚಿ ಕಟ್ಟಬೇಕು, ಸಾವಿರಗಟ್ಟಲೆ ಡಾಲರ್" ಅಂದರು. ಹುಡುಗ ಫೋಟೋ ತೆಗೆದು ಕುವೈತಿನ ಶುವೈಖ್‌ನಲ್ಲಿ ಗ್ಯಾರೇಜ್ ಕೆಲಸ ಮಾಡುವ ಅಣ್ಣನಿಗೆ ವಾಟ್ಸಾಪ್ ಮಾಡಿದ. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಎಣ್ಣೆ ಎಲ್ಲಿ ಬೀಳ್ತಿದೆ ಅಂತ ಹೇಳ್ದೆ. ಎಲ್ಲಿಂದ ಬರ್ತಿದೆ ಅಂತ ನೋಡಿದ್ಯಾ ಮಾರಾಯಾ?"

ಈ ಒಂದು ಪ್ರಶ್ನೆಗೆ ಉತ್ತರ ಹುಡುಕದೆ ಸ್ಪ್ಯಾನರ್ ಹಿಡಿದವರು ದುಡ್ಡು ಕಳೆದುಕೊಳ್ಳುತ್ತಾರೆ. ಕೆಲವೊಮ್ಮೆ ಎಂಜಿನ್ನನ್ನೂ ಕಳೆದುಕೊಳ್ಳುತ್ತಾರೆ. ಊರಲ್ಲಿ ಬುಲೆಟ್ ಇಟ್ಟವರಿಗೂ, ಕೊಲ್ಲಿಯಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೂ ಈ ಮಾತು ಅಷ್ಟೇ ಅನ್ವಯ.

ಬರ್ಕ್ಲಿಯಲ್ಲೇ ಯಾಕೆ ಇಷ್ಟು ಹಳೇ ಗಾಡಿ?

ಕಾರಣ ಎರಡು. ಒಂದು, ಹವೆ. ಅಲ್ಲಿ ಹಿಮ ಬೀಳುವುದು ಅಪರೂಪದಲ್ಲಿ ಅಪರೂಪ. ಹಾಗಾಗಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಪದ್ಧತಿ ಇಲ್ಲ, ಕಾರಿನ ತಳ ತುಕ್ಕು ಹಿಡಿದು ಉದುರುವುದು ಕಡಿಮೆ. ಎರಡು, ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ಕಾರುಗಳಿಗೆ ಹೊಗೆ ತಪಾಸಣೆ ಕಡ್ಡಾಯವಾದರೂ 1975 ಅಥವಾ ಅದಕ್ಕಿಂತ ಹಳೆಯ ಮಾದರಿಯ ಪೆಟ್ರೋಲ್ ಗಾಡಿಗಳಿಗೆ ವಿನಾಯಿತಿ ಇದೆ. 1976ರ ಬೀಟಲ್‌ಗೆ ತಪಾಸಣೆ ಬೇಕು, 1975ರದ್ದಕ್ಕೆ ಬೇಡ.

ಈ ಕಾರಿಗೂ ಬೇ ಏರಿಯಾಕ್ಕೂ ನಂಟು ಹಳೆಯದು. 1976ರಲ್ಲಿ ಆಪಲ್ ಕಂಪೆನಿ ಶುರು ಮಾಡಲು ದುಡ್ಡು ಹೊಂದಿಸುವಾಗ ಸ್ಟೀವ್ ಜಾಬ್ಸ್ ಮಾರಿದ್ದು ತನ್ನ ಫೋಕ್ಸ್‌ವ್ಯಾಗನ್ ವ್ಯಾನನ್ನೇ. ಜಗತ್ತಿನಾದ್ಯಂತ ಒಟ್ಟು 2,15,29,464 ಬೀಟಲ್‌ಗಳು ತಯಾರಾದವು. ಕೊನೆಯದು 2003ರ ಜುಲೈ 30ರಂದು ಮೆಕ್ಸಿಕೋದ ಪುಯೆಬ್ಲಾ ಕಾರ್ಖಾನೆಯಿಂದ ಹೊರಬಂತು. ಇಷ್ಟೊಂದು ಗಾಡಿ ಇದ್ದುದರಿಂದಲೇ ಬಿಡಿಭಾಗಗಳು ಇವತ್ತಿಗೂ ಸಿಗುತ್ತವೆ.

ರೇಡಿಯೇಟರ್ ಇಲ್ಲದ ಎಂಜಿನ್

ಬೀಟಲ್‌ಗೆ ರೇಡಿಯೇಟರ್ ಇಲ್ಲ, ಕೂಲಂಟ್ ನೀರೂ ಇಲ್ಲ. ಬುಲೆಟ್, ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ, ನಮ್ಮೂರ ಹಳೇ ಆಟೋರಿಕ್ಷಾ ಎಲ್ಲ ಇದೇ ಜಾತಿ. ಸಿಲಿಂಡರ್ ಸುತ್ತ ಲೋಹದ ತೆಳು ರೆಕ್ಕೆಗಳು, ಅವುಗಳ ಮೇಲೆ ಗಾಳಿ. ಬೈಕಿನಲ್ಲಿ ಓಡುವ ಗಾಳಿಯೇ ಸಾಕು. ಬೀಟಲ್‌ನ ಎಂಜಿನ್ ಹಿಂಬದಿಯ ಡಿಕ್ಕಿಯೊಳಗೆ ಇರುವುದರಿಂದ ಬೆಲ್ಟ್‌ನಿಂದ ತಿರುಗುವ ದೊಡ್ಡ ಫ್ಯಾನ್ ಗಾಳಿಯನ್ನು ತಳ್ಳುತ್ತದೆ.

ನೀರಿಲ್ಲದ ಕಾರಣ ಬಿಸಿಯಲ್ಲಿ ದೊಡ್ಡ ಪಾಲನ್ನು ಹೊರುವುದು ಆಯಿಲ್. ಎಂಜಿನ್ನಿನಲ್ಲಿರುವುದು ಬರೀ ಎರಡೂವರೆ ಲೀಟರ್. ಮೂಲ ಎಂಜಿನ್ನಿಗೆ ಆಯಿಲ್ ಫಿಲ್ಟರ್ ಕೂಡ ಇಲ್ಲ, ತಳದಲ್ಲಿ ಒಂದು ತಂತಿ ಜಾಲರಿ ಮಾತ್ರ. ಅದಕ್ಕೇ 3,000 ಮೈಲಿಗೆ, ಅಂದರೆ ಸುಮಾರು 4,800 ಕಿ.ಮೀ.ಗೆ, ಆಯಿಲ್ ಬದಲಿಸಬೇಕು.

ಎಂಜಿನ್ನಿನ ದೇಹ ಮೆಗ್ನೀಸಿಯಂ ಮಿಶ್ರಲೋಹದ ಎರಡು ಅರ್ಧ ಭಾಗ. ತೆಂಗಿನಕಾಯಿಯ ಎರಡು ಹೋಳು ಸೇರಿಸಿದ ಹಾಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ನಡುವೆ ಗ್ಯಾಸ್ಕೆಟ್ ಇಲ್ಲ, ತೆಳುವಾಗಿ ಬಳಿದ ಸೀಲಿಂಗ್ ಪೇಸ್ಟ್ ಅಷ್ಟೆ. ಸಿಲಿಂಡರ್ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದ್ದು. ಬಿಸಿಯಾದಾಗ ಮೂರೂ ಲೋಹ ಒಂದೇ ಅಳತೆಗೆ ಹಿಗ್ಗುವುದಿಲ್ಲ. ಬರ್ಕ್ಲಿಯ ಪೂರ್ವಕ್ಕಿರುವ ಗುಡ್ಡ ಹತ್ತುವಾಗ, ಅದರಲ್ಲೂ ಮರಿನ್ ಅವೆನ್ಯೂದಂಥ ಕಡಿದಾದ ರಸ್ತೆಯಲ್ಲಿ, ಎಂಜಿನ್ ಕಾದು ಎಣ್ಣೆ ತೆಳ್ಳಗಾಗುತ್ತದೆ. ಐವತ್ತು ವರ್ಷದ ರಬ್ಬರ್ ಸೀಲ್ ಗಟ್ಟಿಯಾಗಿ ಹಪ್ಪಳದ ಹಾಗಾಗಿದ್ದರೆ ಅಲ್ಲಿಂದ ಎಣ್ಣೆ ದಾರಿ ಮಾಡಿಕೊಳ್ಳುತ್ತದೆ.

ಹಂಚಿನ ಮಾಡಿನ ಲೆಕ್ಕ

ಕರಾವಳಿಯವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ಚಾವಡಿಗೆ ನೀರು ತೊಟ್ಟಿಕ್ಕಿದರೆ ಅದರ ನೇರ ಮೇಲಿನ ಹಂಚು ಒಡೆದಿದೆ ಅಂತಲ್ಲ. ಒಡೆದ ಹಂಚು ಎಲ್ಲೋ ಮೇಲಿರುತ್ತದೆ, ನೀರು ಪಕ್ಕಾಸು ಹಿಡಿದು ಹರಿದು ಬಂದು ಎಲ್ಲೋ ಬೀಳುತ್ತದೆ. ಎಂಜಿನ್ನಿನಲ್ಲೂ ಹಾಗೇ. ಮೇಲಿನ ಆಯಿಲ್ ಕೂಲರ್ ಸೀಲಿನಿಂದ ಹೊರಟ ಎಣ್ಣೆ ಮೈಮೇಲೆ ಹರಿದು, ಫ್ಯಾನಿನ ಗಾಳಿಗೆ ಚದುರಿ, ಕೊನೆಗೆ ತಳದ ಬೋಲ್ಟಿನ ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ನೋಡಿದವರು ತಳದ ಗ್ಯಾಸ್ಕೆಟ್ ಬದಲಿಸುತ್ತಾರೆ. ಸೋರುವುದು ನಿಲ್ಲುವುದಿಲ್ಲ.

ಸರಿಯಾದ ಕ್ರಮ ಇದು:

1. ಎಂಜಿನ್ ತಣ್ಣಗಿರುವಾಗ ಡೀಗ್ರೀಸರ್ ಹಾಕಿ ಪೂರ್ತಿ ತೊಳೆದು ಒಣಗಿಸಿ. ಕೊಳಕು ಎಂಜಿನ್ನಿನಲ್ಲಿ ಲೀಕ್ ಹುಡುಕುವುದು ಕೆಸರಲ್ಲಿ ಸೂಜಿ ಹುಡುಕಿದ ಹಾಗೆ.

2. ಡಿಪ್‌ಸ್ಟಿಕ್ ನೋಡಿ. ಮೇಲಿನ ಗೆರೆಗಿಂತ ಹೆಚ್ಚು ಎಣ್ಣೆ ಇದ್ದರೆ ಅದೇ ಲೀಕಿಗೆ ಕಾರಣ ಇರಬಹುದು. ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಬಂದರೆ ಫ್ಯೂಯೆಲ್ ಪಂಪಿನಿಂದಲೋ ಕಾರ್ಬ್ಯುರೇಟರಿನಿಂದಲೋ ಪೆಟ್ರೋಲ್ ಎಣ್ಣೆಗೆ ಇಳಿಯುತ್ತಿದೆ ಎಂದರ್ಥ. ಗಾಡಿ ಸ್ಟಾರ್ಟ್ ಮಾಡಬೇಡಿ, ಮೊದಲು ಅದನ್ನು ಸರಿಮಾಡಿ.

3. ಸಂದೇಹ ಇರುವ ಜಾಗಗಳಿಗೆ ಟಾಲ್ಕಂ ಪೌಡರ್ ಉದುರಿಸಿ, ಹತ್ತು ಹದಿನೈದು ನಿಮಿಷ ಓಡಿಸಿ ತನ್ನಿ. ಎಣ್ಣೆ ಹೊರಟ ದಾರಿ ಬಿಳಿ ಪುಡಿಯಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಎಣ್ಣೆಗೆ ಹೊಳೆಯುವ ಡೈ ಬೆರೆಸಿ ನೀಲಿ ಟಾರ್ಚ್ ಹಾಕಿ ನೋಡುವ ಕ್ರಮವೂ ಉಂಟು.

4. ರಾತ್ರಿ ಗಾಡಿ ಕೆಳಗೆ ರಟ್ಟಿನ ಹಾಳೆ ಹಾಸಿ, ಅದರಲ್ಲಿ ಚಕ್ರದ ಜಾಗ ಗುರುತು ಮಾಡಿ. ಬೆಳಿಗ್ಗೆ ಹನಿಗಳ ನಕ್ಷೆ ಸಿಗುತ್ತದೆ.

5. ಕೆಳಗಿನಿಂದಲ್ಲ, ಮೇಲಿನಿಂದ ನೋಡುತ್ತಾ ಬನ್ನಿ. ಎಣ್ಣೆ ಕಂಡ ಅತೀ ಎತ್ತರದ ಜಾಗವೇ ಮೊದಲ ಆರೋಪಿ.

ಗಾಡಿ ಕೆಳಗೆ ಮಲಗುವ ಮುನ್ನ ಒಂದು ಎಚ್ಚರ: ಜಾಕ್ ಒಂದನ್ನೇ ನಂಬಬೇಡಿ. ಎರಡು ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡ ಇಟ್ಟು, ಅಲ್ಲಾಡಿಸಿ ನೋಡಿದ ಮೇಲೆಯೇ ಕೆಳಗೆ ಹೋಗಿ.

ಸೋರುವ ಜಾಗಗಳು: ಅಗ್ಗದಿಂದ ದುಬಾರಿಗೆ

ಎಂಜಿನ್ ಇಳಿಸದೆ ಆಗುವ ಕೆಲಸ:

ಟ್ಯಾಪೆಟ್ ಕವರ್ ಗ್ಯಾಸ್ಕೆಟ್. ಎಂಜಿನ್ನಿನ ಎರಡೂ ಬದಿಯ ಹೊರ ಅಂಚಲ್ಲಿ ಎಣ್ಣೆ ಕಂಡರೆ ಇದು. ಬಿರಡೆಯ ಥರದ ಕಾರ್ಕ್ ಗ್ಯಾಸ್ಕೆಟ್, ಒಂದು ಸ್ಪ್ರಿಂಗ್ ಕಂಬಿ ಹಿಡಿದಿರುತ್ತದೆ. ಅಂಟು ಹಾಕುವುದಾದರೆ ಕವರಿನ ಕಡೆಗೆ ಮಾತ್ರ, ಹೆಡ್ಡಿನ ಕಡೆ ಒಣಗಿಯೇ ಇರಲಿ. ಟ್ಯಾಪೆಟ್ ಅಡ್ಜಸ್ಟ್ ಮಾಡಲು ಅದನ್ನು ಪದೇ ಪದೇ ತೆಗೆಯಬೇಕಾಗುತ್ತದೆ. ಕವರಿನ ಅಂಚು ಬಗ್ಗಿದ್ದರೆ ಹತ್ತು ಗ್ಯಾಸ್ಕೆಟ್ ಹಾಕಿದರೂ ಪ್ರಯೋಜನ ಇಲ್ಲ.

ತಳದ ಜಾಲರಿ ಪ್ಲೇಟ್. ನಟ್ಟನಡುವೆ ಹನಿ ಇದ್ದರೆ ಇಲ್ಲಿ ನೋಡಿ. ಎರಡು ಕಾಗದದ ಗ್ಯಾಸ್ಕೆಟ್, ಆರು ಸಣ್ಣ ನಟ್, ಆರು ತಾಮ್ರದ ವಾಷರ್. ಇವುಗಳ ಬಿಗಿ ಬರೀ 7 ನ್ಯೂಟನ್ ಮೀಟರ್, ಸಣ್ಣ ಪಾನಾವನ್ನು ಬೆರಳಲ್ಲಿ ಹಿಡಿದು ಬಿಗಿದಷ್ಟು. "ಇನ್ನೊಂದು ಸ್ವಲ್ಪ ಟೈಟ್ ಮಾಡುವಾ" ಅಂದವರ ಕೈಯಲ್ಲಿ ಮೆಗ್ನೀಸಿಯಂನ ಮರೆ ಕಿತ್ತು ಬರುತ್ತದೆ. ಐದು ಡಾಲರಿನ ಲೀಕ್ ಐನೂರು ಡಾಲರಿನದ್ದಾಗುವುದು ಹೀಗೆ.

ಆಯಿಲ್ ಪ್ರೆಷರ್ ಸ್ವಿಚ್, ಡಿಸ್ಟ್ರಿಬ್ಯೂಟರಿನ ಓ ರಿಂಗ್, ಫ್ಯೂಯೆಲ್ ಪಂಪಿನ ಬುಡ. ಮೂರೂ ಮೇಲೆ ಇರುವಂಥವು. ಎಣ್ಣೆ ಕೆಳಗೆ ಹರಿದು ಬೇರೆಯವರ ಮೇಲೆ ತಪ್ಪು ಹೊರಿಸುತ್ತದೆ.

ಪುಶ್ ರಾಡ್ ಟ್ಯೂಬ್. ಹೆಡ್ಡಿಗೂ ಎಂಜಿನ್ ದೇಹಕ್ಕೂ ನಡುವೆ ಎಂಟು ತೆಳು ತಗಡಿನ ಕೊಳವೆ, ಎರಡು ತುದಿಗೂ ಸೀಲ್, ಒಟ್ಟು 16. ಮೂಲ ಕೊಳವೆ ಬದಲಿಸಲು ಹೆಡ್ ಬಿಚ್ಚಲೇಬೇಕು. ಈಗ ಸ್ಪ್ರಿಂಗ್ ಇರುವ, ಉದ್ದ ಕುಗ್ಗಿಸಿ ಕೂರಿಸುವ ಕೊಳವೆಗಳು ಸಿಗುತ್ತವೆ. ಒಂದೆರಡು ಮಾತ್ರ ಸೋರುತ್ತಿದ್ದರೆ ಅವು ಹೆಡ್ ಬಿಚ್ಚುವ ಖರ್ಚು ಉಳಿಸುತ್ತವೆ.

ಎಂಜಿನ್ ಇಳಿಸಬೇಕಾದ ಕೆಲಸ:

ಆಯಿಲ್ ಕೂಲರ್ ಸೀಲ್. ಎಡಬದಿಯಲ್ಲಿ, ಫ್ಯಾನಿನ ತಗಡಿನ ಒಳಗೆ ಕೂಲರ್ ಇದೆ. ಎರಡೇ ಸಣ್ಣ ರಬ್ಬರ್ ಸೀಲ್. ಆದರೆ ಇಲ್ಲಿ ಎಣ್ಣೆ ಪಂಪಿನ ಒತ್ತಡದಲ್ಲಿರುತ್ತದೆ. ಹಳೇ ಎಂಜಿನ್ನಿಗೂ ನಂತರದ ಎಂಜಿನ್ನಿಗೂ ಸೀಲಿನ ಅಳತೆ ಬೇರೆ. ತಪ್ಪು ಅಳತೆಯದ್ದು ಕೂರಿಸಿದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಬರಿದಾಗಬಹುದು.

ಫ್ಲೈವೀಲ್ ಕಡೆಯ ಮೇನ್ ಸೀಲ್. ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಜಾಗದಲ್ಲಿ ಎಣ್ಣೆ ಕಂಡರೆ ಇದರ ಮೇಲೆ ಸಂಶಯ. ಆದರೆ ಮೊದಲು ಹನಿಯನ್ನು ಬೆರಳಿಗೆ ತೆಗೆದು ಮೂಸಿ. ಗಂಧಕದ ಘಾಟು ಬಂದರೆ ಅದು ಗೇರ್ ಆಯಿಲ್, ಸೋರುವುದು ಗೇರ್ ಬಾಕ್ಸ್ ಸೀಲ್, ಎಂಜಿನ್ನಿನದ್ದಲ್ಲ. ಇದು ತಿಳಿಯದೆ ತಪ್ಪು ಸೀಲ್ ಬದಲಿಸಿದವರಿದ್ದಾರೆ. ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿದರೆ ಗುಡ್ಡ ಹತ್ತುವಾಗ ಕ್ಲಚ್ ಜಾರುತ್ತದೆ.

ಇಲ್ಲೇ ಇನ್ನೊಂದು ಅಳತೆ ನೋಡಬೇಕು. ಕ್ರ್ಯಾಂಕ್ ಶಾಫ್ಟ್ ಹಿಂದೆ ಮುಂದೆ ಅಲ್ಲಾಡುವುದು 0.07ರಿಂದ 0.13 ಮಿ.ಮೀ. ಒಳಗಿರಬೇಕು. ಅದನ್ನು ಫ್ಲೈವೀಲ್ ಹಿಂದಿನ ಮೂರು ಶಿಮ್‌ಗಳಿಂದ ಹೊಂದಿಸುತ್ತಾರೆ. ಬೇರಿಂಗ್ ಸವೆದು ಶಾಫ್ಟ್ ಕುಣಿಯುತ್ತಿದ್ದರೆ ಹೊಸ ಸೀಲ್ ಕೂಡ ಬೇಗನೆ ಹೋಗುತ್ತದೆ. ಗಾಡಿ ಕೊಳ್ಳುವ ಮುಂಚೆ, ಎಂಜಿನ್ ಆಫ್ ಇರುವಾಗ, ಹಿಂಬದಿಯ ಪುಲ್ಲಿ ಹಿಡಿದು ಜಗ್ಗಿ ತಳ್ಳಿ ನೋಡಿ. ಟಕ್ ಟಕ್ ಎಂದು ಕೈಗೆ ತಿಳಿದರೆ ಆ ಎಂಜಿನ್ನಿಗೆ ನಿಜವಾಗಿಯೂ ದೊಡ್ಡ ಖರ್ಚು ಕಾದಿದೆ.

ಎರಡು ಅರ್ಧಗಳು ಸೇರುವ ಗೆರೆಯಲ್ಲೇ ಸೋರುತ್ತಿದ್ದರೆ ಮಾತ್ರ ಎಂಜಿನ್ ಪೂರ್ತಿ ಬಿಡಿಸಬೇಕು. ಅಲ್ಲಿ ಬರೀ ಜಿನುಗುತ್ತಿದ್ದರೆ ಹೆಚ್ಚಿನವರು ಒರೆಸಿಕೊಂಡು ಓಡಿಸುತ್ತಾರೆ. ಅದು ತಪ್ಪಲ್ಲ.

ಸೀಲ್ ತಪ್ಪಲ್ಲ, ಉಸಿರು ಕಟ್ಟಿದೆ

ಪುಲ್ಲಿಯ ಹಿಂದೆ ಎಣ್ಣೆ ಬಂದರೆ ಜನ ಸೀಲ್ ಹುಡುಕುತ್ತಾರೆ. ಮೂಲ ಎಂಜಿನ್ನಿನಲ್ಲಿ ಅಲ್ಲಿ ಸೀಲೇ ಇಲ್ಲ! ಪುಲ್ಲಿಯ ಕೊರಳಲ್ಲಿ ಸ್ಕ್ರೂ ಥರದ ಮರೆ ಇದೆ. ತಿರುಗುವಾಗ ಅದು ಎಣ್ಣೆಯನ್ನು ಒಳಗೇ ತಳ್ಳುತ್ತದೆ. ಹಾಗಾದರೆ ಯಾಕೆ ಹೊರಬರುತ್ತದೆ? ಒಳಗೆ ಒತ್ತಡ ಹೆಚ್ಚಿದ್ದರಿಂದ.

ಎಣ್ಣೆ ತುಂಬುವ ಕೊಳವೆಯಿಂದ ಏರ್ ಕ್ಲೀನರಿಗೆ ಹೋಗುವ ಬ್ರೀದರ್ ಪೈಪ್ ಎಂಜಿನ್ನಿನ ಮೂಗು. ಅದು ಕಟ್ಟಿಕೊಂಡರೆ ಒಳಗಿನ ಗಾಳಿ ಸಿಕ್ಕಿದ ಸಂದಿಯಿಂದೆಲ್ಲ ಎಣ್ಣೆಯನ್ನು ದೂಡುತ್ತದೆ. ಪೈಪ್ ತೆಗೆದು ತೊಳೆದರೆ ಮುಗಿಯಿತು, ಖರ್ಚು ಸೊನ್ನೆ. ಅದು ಸ್ವಚ್ಛವಾಗಿದ್ದೂ ಎಲ್ಲ ಕಡೆಯೂ ಸೋರಿದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕರಲ್ಲಿ ಒಂದು ಸಿಲಿಂಡರ್ ಉಳಿದವುಗಳಿಗಿಂತ ತೀರಾ ಕೆಳಗಿದ್ದರೆ ಸೀಲ್ ಬದಲಿಸಿ ದುಡ್ಡು ಹಾಳು ಮಾಡಬೇಡಿ, ರೋಗ ಬೇರೆಯೇ ಇದೆ.

ಹನಿಯ ಲೆಕ್ಕ, ದುಡ್ಡಿನ ಲೆಕ್ಕ

"ಒಂದು ಹನಿ ತಾನೇ" ಅನ್ನುವವರಿಗೆ ಒಂದು ಲೆಕ್ಕ. ಮಿಲಿಲೀಟರಿಗೆ 25 ಹನಿ ಎಂದು ಹಿಡಿಯಿರಿ. ನಿಮಿಷಕ್ಕೊಂದು ಹನಿ ಬಿದ್ದರೆ ದಿನಕ್ಕೆ 1,440 ಹನಿ, ಅಂದರೆ ಸುಮಾರು 58 ಮಿ.ಲೀ. ಮೂವತ್ತು ದಿನಕ್ಕೆ ಒಂದೂಮುಕ್ಕಾಲು ಲೀಟರ್. ಎಂಜಿನ್ನಿನಲ್ಲಿ ಇರುವುದೇ ಎರಡೂವರೆ! ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವವನ ಗಾಡಿ ಈ ಲೀಕ್ ಇಟ್ಟುಕೊಂಡೂ ಓಡೀತು. ತಿಂಗಳು ಮರೆತವನ ಎಂಜಿನ್ ಗುಡ್ಡದ ಮೇಲೆ ಹಿಡಿದುಕೊಂಡೀತು.

ಇನ್ನು ದುಡ್ಡು. ಈ ಕೆಲಸದಲ್ಲಿ ಸೀಲಿನ ಬೆಲೆ ಚಿಲ್ಲರೆ, ಕೂಲಿಯೇ ಭಾರ. ಬೇ ಏರಿಯಾದಲ್ಲಿ ಮೆಕ್ಯಾನಿಕ್ ಕೂಲಿ ಗಂಟೆಗೆ ನೂರು ಡಾಲರ್ ದಾಟುತ್ತದೆ. ಆದ್ದರಿಂದ ಎಂಜಿನ್ ಇಳಿಸದೆ ಆಗುವುದನ್ನೆಲ್ಲ ಮೊದಲು ಮಾಡಿ, ಮತ್ತೆ ರಟ್ಟು ಹಾಸಿ ನೋಡಿ. ಅನಂತರವೂ ಇಳಿಸಲೇಬೇಕಾದರೆ ಒಂದೇ ಸಲಕ್ಕೆ ಮೇನ್ ಸೀಲ್, ಫ್ಲೈವೀಲ್ ಓ ರಿಂಗ್, ಕೂಲರ್ ಸೀಲ್, ಗೇರ್ ಬಾಕ್ಸ್ ಸೀಲ್ ಎಲ್ಲ ಬದಲಿಸಿ, ಕ್ಲಚ್ ಪ್ಲೇಟನ್ನೂ ನೋಡಿ. ಬೀಟಲ್‌ನ ಎಂಜಿನ್ನನ್ನು ಗೇರ್ ಬಾಕ್ಸಿಗೆ ಹಿಡಿದಿರುವುದು ನಾಲ್ಕೇ ಬೋಲ್ಟ್, ತೂಕ ನೂರು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಇಳಿಸುವುದು ಸುಲಭ ಅಂತ ಮೂರು ಸಲ ಇಳಿಸಿದರೆ ಮೂರು ಸಲದ ಕೂಲಿ ಕೊಡಬೇಕು.

ಊರಲ್ಲಿ ಮಾಡುವ ಹಾಗೆ ಸಿಕ್ಕಿದ್ದಕ್ಕೆಲ್ಲ ಅನಾಬಾಂಡ್ ಥರದ ಸಿಲಿಕಾನ್ ಪೇಸ್ಟ್ ದಪ್ಪಕ್ಕೆ ಬಳಿಯುವ ಅಭ್ಯಾಸ ಇಲ್ಲಿ ಅಪಾಯ. ಹೊರಗೆ ಉಬ್ಬಿದಷ್ಟೇ ಒಳಗೂ ಉಬ್ಬುತ್ತದೆ. ಆ ತುಣುಕು ಕಳಚಿ ಜಾಲರಿಗೆ ಸಿಕ್ಕಿಕೊಂಡರೆ ಪಂಪಿಗೆ ಎಣ್ಣೆ ಸಿಗುವುದಿಲ್ಲ. ಲೀಕ್ ನಿಲ್ಲಿಸುವ ಡಬ್ಬಿ ಔಷಧಿ ರಬ್ಬರನ್ನು ಕೆಲ ದಿನ ಉಬ್ಬಿಸುತ್ತದೆ, ಒಡೆದ ಸೀಲ್ ಕೂಡಿಸುವುದಿಲ್ಲ.

ತಕ್ಷಣ ನಿಲ್ಲಿಸಬೇಕಾದ್ದು ಯಾವಾಗ?

ಓಡುತ್ತಿರುವಾಗ ಆಯಿಲ್ ಲೈಟ್ ಹತ್ತಿದರೆ ಆ ಕ್ಷಣವೇ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. "ಮನೆ ಹತ್ತಿರವೇ ಇದೆ" ಅನ್ನಬೇಡಿ. ಕೆಂಪು ಜನರೇಟರ್ ಲೈಟ್ ಹತ್ತಿದರೂ ಹಾಗೇ. ಆ ಜನರೇಟರನ್ನೂ ಫ್ಯಾನನ್ನೂ ತಿರುಗಿಸುವುದು ಒಂದೇ ಬೆಲ್ಟ್. ಅದು ಕಡಿದಿದ್ದರೆ ಗಾಳಿಯೇ ಇಲ್ಲ.

ಹೀಟರ್ ಹಾಕಿದಾಗ ಒಳಗೆ ಸುಟ್ಟ ಎಣ್ಣೆಯ ಹೊಗೆ ಬಂದರೆ ನಿರ್ಲಕ್ಷ್ಯ ಬೇಡ. ಈ ಕಾರಿನ ಹೀಟರ್ ಸೈಲೆನ್ಸರ್ ಕಡೆಯ ಬಿಸಿಯನ್ನೇ ಬಳಸುತ್ತದೆ. ಅಲ್ಲಿ ತೂತಿದ್ದರೆ ಎಣ್ಣೆ ಹೊಗೆಯ ಜೊತೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಒಳಗೆ ಬರಬಹುದು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯಾದರೆ ಹೀಟರ್ ಬಂದ್ ಮಾಡಿ, ಕಿಟಕಿ ತೆರೆದು, ಮೊದಲು ಅದನ್ನು ತೋರಿಸಿ.

ಬೆಂಕಿಯ ಮಾತೂ ಇದೆ. ಎಣ್ಣೆ ಮೆತ್ತಿದ ಎಂಜಿನ್, ಒಡೆದ ಪೆಟ್ರೋಲ್ ಪೈಪ್, ಮೆಗ್ನೀಸಿಯಂ ದೇಹ ಮೂರೂ ಸೇರಿದರೆ ಉಳಿಯುವುದು ಕಷ್ಟ. ಹೊತ್ತಿಕೊಂಡ ಮೆಗ್ನೀಸಿಯಂಗೆ ನೀರು ಹಾಕಿದರೆ ಬೆಂಕಿ ಇನ್ನೂ ಕೆರಳುತ್ತದೆ. ಸೀಲ್ ಕೊಳ್ಳುವ ದಿನವೇ ಪೆಟ್ರೋಲ್ ಪೈಪನ್ನೂ ಬದಲಿಸಿ. 1991ರ ಅಕ್ಟೋಬರಿನಲ್ಲಿ ಓಕ್ಲೆಂಡ್ ಮತ್ತು ಬರ್ಕ್ಲಿ ಗುಡ್ಡಗಳನ್ನು ಸುಟ್ಟ ಕಾಡ್ಗಿಚ್ಚು ಕಂಡ ಊರದು. ಒಣಹುಲ್ಲಿನ ಮೇಲೆ ಬಿಸಿ ಗಾಡಿ ನಿಲ್ಲಿಸುವುದಕ್ಕೇ ಅಲ್ಲಿ ಜನ ಹೆದರುತ್ತಾರೆ.

ಬಿದ್ದ ಎಣ್ಣೆ ಎಲ್ಲಿಗೆ ಹೋಗುತ್ತದೆ?

ಬರ್ಕ್ಲಿಯ ಬೀದಿಯ ಮಳೆನೀರಿನ ಚರಂಡಿ ಶುದ್ಧೀಕರಣ ಘಟಕಕ್ಕೆ ಹೋಗುವುದಿಲ್ಲ, ತೊರೆಗಳ ಮೂಲಕ ನೇರ ಕೊಲ್ಲಿಗೆ ಸೇರುತ್ತದೆ. ವಿಶ್ವವಿದ್ಯಾಲಯದ ಅಂಗಳದಲ್ಲೇ ಹರಿಯುವ ಸ್ಟ್ರಾಬೆರಿ ತೊರೆಯೂ ಹಾಗೆ ಕೊಲ್ಲಿ ಸೇರುವುದೇ. ಒಂದು ಸಲ ಬದಲಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಇಲಾಖೆ. ಕ್ಯಾಲಿಫೋರ್ನಿಯಾದಲ್ಲಿ ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯ ಎಂದೇ ಪರಿಗಣಿಸುತ್ತಾರೆ. ಮುಚ್ಚಳ ಇರುವ ಡಬ್ಬಿಯಲ್ಲಿ ತುಂಬಿಸಿ, ನೀರು ಪೆಟ್ರೋಲ್ ಬೆರೆಸದೆ, ನೋಂದಾಯಿತ ಸಂಗ್ರಹ ಕೇಂದ್ರಕ್ಕೆ ಕೊಟ್ಟರೆ ಉಚಿತವಾಗಿ ತೆಗೆದುಕೊಳ್ಳುತ್ತಾರೆ. ನೆಲದ ಕಲೆಗೆ ಬೆಕ್ಕಿನ ಮರಳನ್ನೋ ಮರದ ಹೊಟ್ಟನ್ನೋ ಹಾಕಿ ಗುಡಿಸಿ ತೆಗೆಯಬೇಕು, ನೀರು ಬಿಟ್ಟು ತೊಳೆಯಬಾರದು.

ಊರಿಗೂ ಕೊಲ್ಲಿಗೂ ಇದೇ ಪಾಠ

ಶಾರ್ಜಾದಲ್ಲಿ ಹಳೇ ಕಾರುಗಳಿಗೇ ಒಂದು ಮ್ಯೂಸಿಯಂ ಇದೆ. ಗಲ್ಫಿನಲ್ಲೂ ಹಳೇ ಗಾಡಿ ಪ್ರೀತಿಸಿ ಇಟ್ಟುಕೊಂಡವರು ಕಡಿಮೆಯಿಲ್ಲ. ಮುಸಫ್ಫಾದಲ್ಲೋ ಶುವೈಖ್‌ನಲ್ಲೋ ಗ್ರೀಸ್ ಕೈಯಲ್ಲಿ ದುಡಿಯುವ ನಮ್ಮ ಹುಡುಗರಿಗೆ ಇಂಥ ಎಂಜಿನ್ ಸಿಕ್ಕರೆ ಮೊದಲ ದಿನವೇ ಬಿಚ್ಚಬೇಡಿ. ತೊಳೆಯಿರಿ, ಪುಡಿ ಉದುರಿಸಿ, ಮೇಲಿನಿಂದ ನೋಡಿ, ಗಿರಾಕಿಗೂ ತೋರಿಸಿ. ಗಿರಾಕಿ ಮತ್ತೆ ನಿಮ್ಮನ್ನೇ ಹುಡುಕಿಕೊಂಡು ಬರುವುದು ಆ ನಂಬಿಕೆಯ ಮೇಲೆ.

ಆ ಹುಡುಗನ ಕಾರಿನ ಕಥೆ? ಅಣ್ಣ ಹೇಳಿದ ಹಾಗೆ ತೊಳೆದು, ಪೌಡರ್ ಹಾಕಿ, ಹದಿನೈದು ನಿಮಿಷ ಓಡಿಸಿ ಬಂದು ನೋಡಿದರೆ ಬಿಳಿ ಪುಡಿಯ ಮೇಲೆ ಎರಡು ಕಪ್ಪು ಗೆರೆ: ಒಂದು ಟ್ಯಾಪೆಟ್ ಕವರಿನಿಂದ, ಇನ್ನೊಂದು ಪ್ರೆಷರ್ ಸ್ವಿಚ್ಚಿನಿಂದ. ಪುಲ್ಲಿ ಜಗ್ಗಿ ನೋಡಿದರೆ ಟಕ್ ಅನ್ನಲಿಲ್ಲ. ಹೀಗೆ ಕಂಡರೆ ಎಂಜಿನ್ ಬಿಚ್ಚುವ ಮಾತೇ ಇಲ್ಲ, ಒಂದು ಶನಿವಾರದ ಕೆಲಸ. ಸಾವಿರಗಟ್ಟಲೆ ಡಾಲರ್ ಅಂದದ್ದು ಒಂದು ಸಂಜೆಯ ಊಟದ ಖರ್ಚಿಗೆ ಇಳಿಯುತ್ತದೆ. ಟಕ್ ಎಂದಿದ್ದರೆ ಅದೂ ಒಳ್ಳೆಯದೇ: ಸೀಲ್‌ಗಳಿಗೆ ದುಡ್ಡು ಸುರಿಯುವ ಮುಂಚೆಯೇ ಎಂಜಿನ್ನಿನ ನಿಜಸ್ಥಿತಿ ಗೊತ್ತಾದ ಹಾಗಾಯಿತು.